ಪೇದೆ ಕೇಳಿದ ಸ್ಪ್ಯಾನಿಷ್ ಪಾಠ

ಸ್ವಾತಂತ್ರ್ಯ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದ್ದ ಅಣ್ಣ ಪೊಲೀಸರಿಗೆ ಹೆದರಿ ಬೆಳಕವಾಡಿಯ ಅಜ್ಜಿಮನೆಯಲ್ಲಿ ಅಡಗಿದ್ದ. ನಾನು ಅಲ್ಲಿಗೇ ಹೊರಟಿದ್ದೆ. ಮದ್ದೂರಿನಲ್ಲಿ ಬಸ್ಸು ಹತ್ತಿದ ಪೇದೆ ನನ್ನ ಚೀಲ ತಡಕಿ, ಕಾನ್ವೆಂಟಿನ ಸಿಸ್ಟರ್ ಕೊಟ್ಟಿದ್ದ ಸ್ಪ್ಯಾನಿಷ್ ಪಾಠದ ಪುಸ್ತಕ ತೆಗೆದ.

"ಇದ್ಯಾವ ಗುಟ್ಟಿನ ಭಾಸೆ ಕಣವ್ವ? ಈ ಸಾಲು ಬುಡ್ಸಿ ಯೋಳು."

ಅವನ ಬೆರಳು 'ಮಿ ಎರ್ಮಾನೊ ಎಸ್ತಾ ಎನ್ ಕಾಸಾ' ಎಂಬಲ್ಲಿತ್ತು. ನನ್ನ ಅಣ್ಣ ಮನೆಯಲ್ಲಿದ್ದಾನೆ ಎಂದರ್ಥ. ಸಾಲನ್ನು ಗಟ್ಟಿಯಾಗಿ ಓದಿ, ಪದ ಬಿಡಿಸತೊಡಗಿದೆ.

"ಮಿ ಅಂದರೆ ನನ್ನ. ಎನ್ ಕಾಸಾ ಅಂದರೆ ಮನೆಯಲ್ಲಿ. ಎಸ್ತಾ ಅಂದರೆ ಇದೆ."

"ನಡುವಿಂದು ನುಂಗ್ಬುಟ್ಟೆ. ಎರ್ಮಾನೊ ಅಂದ್ರೆ?"

"ಬೆಕ್ಕು" ಅಂದೆ.

"ಬೆಕ್ಕು ಮನೇಲದೆ ಅನ್ನಕ್ಕೂ ಬುಕ್ಕು ಬೇಕಾ?" ಎಂದು ಪುಸ್ತಕವನ್ನು ನನ್ನ ಮಡಿಲಿಗೆ ಎಸೆದು ಇಳಿದುಹೋದ.

ಮುಂದಿನ ಸಾಲಿನಲ್ಲಿ ಅದೇ ಎರ್ಮಾನೊ ಪತ್ರಿಕೆ ಓದುತ್ತಿದ್ದ. ಪೇದೆ ಅದನ್ನೂ ಕೇಳಿದ್ದರೆ, ಬೆಕ್ಕಿಗೆ ಅಕ್ಷರ ಕಲಿಸುವ ಧೈರ್ಯ ನನಗಿರುತ್ತಿರಲಿಲ್ಲ.