ಬಟ್ಟೆಯ ಗುರುತು ಬಿದ್ದ ಕಾಲು

ನಮ್ಮ ಅತ್ತೆಯ ಎಡಗಾಲು ಮೂರು ವರ್ಷದಿಂದ ಊದುತ್ತಿತ್ತು. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಹೆಬ್ಬೆರಳಿನಿಂದ ಒತ್ತಿದರೆ ಹೋಳಿಗೆಯ ಕಣಕದಂತೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ತರೀಕೆರೆಯ ಶಿಬಿರಕ್ಕೆ ಊದಿದ ಚರ್ಮ ಅಳೆಯುವ ಮಷಿನ್ ಬರುತ್ತದೆ, ಅಳತೆಯಲ್ಲಿ ಬಾವು ಕಂಡವರಿಗೆ ಬಿಗಿಯಾದ ಕಾಲುಚೀಲ ಕೊಡುತ್ತಾರೆ ಎಂದು ಕೇಳಿ, ಅಜ್ಜಂಪುರದಿಂದ ಬೆಳಗಿನ ಬಸ್ಸಿಗೆ ಅವರನ್ನು ಕರೆದುಕೊಂಡು ಹೋದೆ.

ಮಷಿನ್ ಅಂದರೆ ದಪ್ಪ ಪೆನ್ನಿನಂಥದ್ದು. ಅದರ ತುದಿ ಚರ್ಮವನ್ನು ಒತ್ತುತ್ತದೆ; ಎಷ್ಟು ಒಳಗೆ ಹೋಯಿತು, ಬಿಟ್ಟ ಮೇಲೆ ಎಷ್ಟು ಬೇಗ ಮೇಲೆದ್ದಿತು ಎನ್ನುವುದು ಪರದೆಯ ಮೇಲೆ ಅಂಕಿಯಾಗಿ ಬರುತ್ತದೆ. ಸಾಲಿನಲ್ಲಿ ನಮ್ಮ ಮುಂದೆ ಬುಕ್ಕಾಂಬುಧಿಯಿಂದ ಬಂದ ಒಬ್ಬ ಹೆಂಗಸಿದ್ದರು; ಅವರದು ಮುಗಿದು ನಮ್ಮ ಸರದಿ ಬಂತು. ಅಳೆಯುತ್ತಿದ್ದ ಕನ್ನಡಕದ ಹೆಂಗಸು ಅತ್ತೆಯ ಕಾಲನ್ನು ಮೂರು ಸಲ ಒತ್ತಿದರು. ಕಣ್ಣು ಪರದೆಯಿಂದ ಕದಲಲಿಲ್ಲ.

"ನಾರ್ಮಲ್ ಇದೆ ಅಜ್ಜಿ. ವಯಸ್ಸಿಗೆ ಇಷ್ಟೆಲ್ಲ ಇದ್ದಿದ್ದೇ. ನೆಕ್ಸ್ಟ್!"

ನಾನು ಬಗ್ಗಿ ನೋಡಿದೆ. ಕಾಲಿನ ತುಂಬ ನೂಲಿನ ಅಡ್ಡ ಉದ್ದ ಗೆರೆಗಳು.

"ಅತ್ತೆ, ಇದೇನು?"

"ರಾತ್ರಿ ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಕೊಂಡಿದ್ದೆ ಕಣೇ. ಬಸ್ ಇಳಿದ್ಮೇಲೆ ಬಿಚ್ಚಿ ಚೀಲಕ್ಕೆ ಹಾಕ್ದೆ. ನಾಲ್ಕು ಜನದ ಮುಂದೆ ದಿಂಬಿನಂಥ ಕಾಲು ಚಾಚ್ಕೊಂಡು ಕೂರಕ್ಕಾಗುತ್ತಾ?"

ಯಾರ ಮನೆಗೆ ಹೋದರೂ ಅಚ್ಚುಕಟ್ಟಾಗಿ ಹೋಗಬೇಕೆನ್ನುವವರು; ಶಿಬಿರಕ್ಕೂ ಹಾಗೇ ಬಂದಿದ್ದರು. ಅವರ ಮೇಲೆ ಕೋಪ ಬರಲಿಲ್ಲ. ಆ ನೇಯ್ಗೆಯ ಗುರುತಿನ ಮೇಲೆಯೇ ಮೂರು ಸಲ ಒತ್ತಿದವರು ಒಂದು ಮಾತು ಕೇಳಲಿಲ್ಲವಲ್ಲ! ಚರ್ಮ ಅಳೆಯುವವರಿಗೆ ಚರ್ಮವೇ ಕಾಣದಿದ್ದರೆ ಹೇಗೆ?

"ಕಾಲು ಕಟ್ಕೊಂಡು ಬಂದಿದ್ದಾರೆ, ಅದಕ್ಕೇ ಬಾವು ಇಳಿದಿದೆ. ಮಧ್ಯಾಹ್ನ ಮತ್ತೆ ಅಳೀರಿ."

"ಒಬ್ಬರಿಗೆ ಒಂದೇ ಸಲ ಮೇಡಂ. ಎಂಟ್ರಿ ಆಗ್ಬಿಟ್ಟಿದೆ."

"ಎಂಟ್ರಿ ಆಗಿರೋದು ಬಟ್ಟೆಯದ್ದು ಕಣ್ರೀ, ಕಾಲಿಂದಲ್ಲ." ನನ್ನ ದನಿ ನನಗೇ ಹೊಸದಾಗಿತ್ತು.

ಸಾಲಿನಲ್ಲಿದ್ದ ಒಬ್ಬ ಮುದುಕರು, "ಕೂತ್ಕಳಮ್ಮಾ, ಬಿಡಬ್ಯಾಡ" ಎಂದರು.

ಅತ್ತೆಯನ್ನು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿದೆ. "ನಿನ್ ಹಟಕ್ಕೆ ನನ್ ಕಾಲು ಕುಂಬಳಕಾಯಿ ಆಯ್ತದೆ" ಎಂದು ಗೊಣಗಿದರು. "ಆಗ್ಲಿ ಬಿಡಿ" ಎಂದೆ. ಗೆರೆಗಳು ನಿಧಾನವಾಗಿ ಅಳಿಸಿಹೋಗಿ, ಮೂರು ಗಂಟೆಯ ಹೊತ್ತಿಗೆ ಚರ್ಮ ಬಿಗಿದು ಹೊಳೆಯತೊಡಗಿತು. ಜನ ಕರಗಿದ ಮೇಲೆ ಅತ್ತೆಯನ್ನು ಅಳೆಯುವಾಕೆಯ ಎದುರಿಗೆ ಕೂರಿಸಿ, ಕಾಲಿಗೆ ಹೆಬ್ಬೆರಳು ಒತ್ತಿ ತೆಗೆದೆ. ಆಕೆ ಗುಳಿ ನೋಡಿದರು, ಗಡಿಯಾರ ನೋಡಿದರು, ಮಷಿನ್ ಎತ್ತಿಕೊಂಡರು.

ಅಂಕಿ ಬೇರೆಯೇ ಬಂತು.

"ಯಾವ್ದು ಬರ್ಕೊಳ್ಳಲಿ?"

"ಎರಡೂ ಬರೀರಿ. ಯಾಕೆ ಅನ್ನೋದನ್ನೂ ಬರೀರಿ."

ಬರೆದರು. ಕಾಲುಚೀಲದ ಚೀಟಿ ಸಿಕ್ಕಿತು. ಕಾನ್ವೆಂಟಿನಲ್ಲಿ ಓದಿದ ನಾನು ಬಸ್ ಕಂಡಕ್ಟರಿಗೂ ಥ್ಯಾಂಕ್ಸ್ ಹೇಳುವವಳು; ಅಂದು ಹೇಳಲಿಲ್ಲ. ನಮಗಿಂತ ಮುಂಚೆ ನಾರ್ಮಲ್ ಅನ್ನಿಸಿಕೊಂಡು, ಕೈಮುಗಿದು ಎದ್ದುಹೋದ ಬುಕ್ಕಾಂಬುಧಿಯ ಹೆಂಗಸಿನ ಕಾಲನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.