ಅಕ್ಕನಿಂದ ಮುಚ್ಚಿಟ್ಟ ಹೆಸರು

ಮೊನ್ನೆ ಬೂರುಗದ ಮರದ ಕಾಯಿ ಒಡೆದು ಹತ್ತಿಯೆಲ್ಲ ಕಿಟಕಿಯೊಳಗೆ ಹಾರಿ ಬಂತು. ಹೆಂಡತಿ ಗೊಣಗುತ್ತ ಪೊರಕೆ ತಂದಳು. ನಾನು ಕುರ್ಚಿಯಿಂದ ಏಳಲೇ ಇಲ್ಲ. ನೀವು ನಗಬಹುದು, ಆ ಹತ್ತಿ ಕಂಡರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಸಿದ್ದಾಪುರದಲ್ಲಿದ್ದ ನನ್ನ ಅಕ್ಕನಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಒಂದು ಸ್ತನ ತೆಗೆದಿದ್ದರು. ನಮ್ಮ ಮನೆಗಳಲ್ಲಿ ಆ ರೋಗದ ಹೆಸರು ಹೇಳುವ ರೂಢಿಯಿಲ್ಲ. 'ಅದು' ಎಂದು ಹುಬ್ಬು ಹಾರಿಸಿದರೆ ಮುಗಿಯಿತು. ಮುಚ್ಚಿಡುವ ಯಜಮಾನಿಕೆ ನನ್ನದು. ಶಾಲೆಯಲ್ಲಿ ಮಕ್ಕಳಿಗೆ ಸತ್ಯದ ಪಾಠ ಹೇಳುವ ಮಾಸ್ತರ ನಾನು, ಅಕ್ಕನಿಗೆ "ಬರೀ ಗಡ್ಡೆ, ಪೂರ್ತಿ ಹೋಯಿತು" ಎಂದೆ. ಅವಳು ನಂಬಿದಳು. ಎಡವಟ್ಟಾದದ್ದೇ ಅಲ್ಲಿ.

ಎರಡನೇ ಇಂಜೆಕ್ಷನ್ನಿಗೆ ಕೂದಲೆಲ್ಲ ಉದುರಿ, ವಾಂತಿಯಾಗಿ ಹೈರಾಣಾದವಳು, "ಗಡ್ಡೆ ಹೋಜು ಹೇಳಿ ನೀನೇ ಹೇಳಿದ್ಯಲ ತಮಾ, ಮತ್ತೆಂತಕ್ಕೆ ಸೂಜಿ? ಆನು ಹೋಗ್ತ್ನಿಲ್ಲೆ" ಎಂದು ಮಲಗಿಬಿಟ್ಟಳು. ಇನ್ನೂ ನಾಲ್ಕು ಬಾಕಿ. ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನಗೆ ಹೇಳಿದ್ದರು. ಅತ್ತ ದರಿ, ಇತ್ತ ಪುಲಿ. ಆದರೂ ನಾನು ಬಾಯಿ ಬಿಡಲಿಲ್ಲ. ಬದಲಿಗೆ ದೇವರು, ಧೈರ್ಯ ಎಂದು ಉಪದೇಶ ಮಾಡಿದೆ.

ಆಮೇಲೆ ಅಕ್ಕ ರವಿಕೆ ಹೊಲಿಸಲೆಂದು ಬುಧವಾರ ಬುಧವಾರ ನಾನಿರುವ ಶಿರಸಿಯ ಒಂದು ಟೈಲರ್ ಅಂಗಡಿಗೆ ಬರತೊಡಗಿದಳು. ಮೂರನೇ ವಾರ ತಾನಾಗಿಯೇ, "ಸೋಮವಾರ ಹುಬ್ಬಳ್ಳಿಗೆ ಹೋಪನ" ಎಂದಳು. ನನ್ನ ಉಪದೇಶ ಫಲಿಸಿತೆಂದು ನಾನು ಬೀಗಿದ್ದೇ ಬೀಗಿದ್ದು.

ಮುಂದಿನ ಬುಧವಾರ ಅವಳನ್ನು ಕರೆತರಲು ಆ ಟೈಲರ್ ಅಂಗಡಿಗೆ ಹೋದೆ. ಒಳಗಿನಿಂದ ನಗು. ಪರದೆ ಸರಿಸಿದವನು ಗರ ಬಡಿದಂತೆ ನಿಂತೆ. ಐವರು ಹೆಂಗಸರು, ಮೂವರದು ಬೋಳು ತಲೆ, ತಲೆಯ ಮೇಲೆ ಸೆರಗೂ ಇಲ್ಲ. ಅದರಲ್ಲೊಂದು ತಲೆ ನನ್ನ ಅಕ್ಕನದು! ಮನೆಯಲ್ಲಿ ನನ್ನೆದುರು ಶಾಲು ತೆಗೆಯದವಳು ಬೂರುಗದ ಹತ್ತಿ ಬಿಡಿಸಿ ರವಿಕೆಯ ಒಂದು ಬದಿಗೆ ತುಂಬುತ್ತಿದ್ದಳು.

ದಾಸನಕೊಪ್ಪದ ಕಡೆಯ ಟೈಲರಮ್ಮ ತಲೆಯೆತ್ತಿದಳು. "ಬರ್ರಿ ಮಾಸ್ತರ್ರ, ಯಾಕ ಬಾಗಿಲ್ದಾಗ ನಿಂತ್ರಿ? ನನ್ನ ಕ್ಯಾನ್ಸರಿಗೆ ಇವತ್ತು ಮೂರು ವರ್ಷ ತುಂಬ್ತು. ಅವಲಕ್ಕಿ ತಿನ್ರಿ."

ಕ್ಯಾನ್ಸರ್! ನಾನು ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಶಬ್ದವನ್ನು ಆಕೆ ಮಗುವಿನ ಹುಟ್ಟುಹಬ್ಬದ ಹಾಗೆ ಹೇಳಿದಳು. ಗಾಬರಿಯಿಂದ ಅಕ್ಕನತ್ತ ನೋಡಿದೆ.

"ಯಂಗೆ ಎಲ್ಲ ಗೊತ್ತಿದ್ದು ತಮಾ" ಎಂದಳು ಅಕ್ಕ. "ಇವ್ರಿಂದ ಗೊತ್ತಾತು. ನಿನ್ನಿಂದ ಗೊತ್ತಾಗಕಾಗಿತ್ತು."

ಅವಲಕ್ಕಿಯ ತಟ್ಟೆ ಹಿಡಿದು ಮೂಲೆಯಲ್ಲಿ ಕೂತೆ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಅಕ್ಕ ಆರೂ ಇಂಜೆಕ್ಷನ್ ಮುಗಿಸಿ ಎಂಟು ವರ್ಷ ಬದುಕಿದಳು. ಬುಧವಾರದ ಆ ಹೆಂಗಸರು ರೋಗ ವಾಸಿಮಾಡಿದರೆಂದು ನಾನು ಹೇಳಲಾರೆ. ಬಾಯಿಹುಣ್ಣಿಗೆ ಏನು ತಿನ್ನಬೇಕು, ಗಂಡನೆದುರು ಹೇಗೆ ಬಟ್ಟೆ ಬದಲಿಸಬೇಕು, ಅಳು ಬಂದರೆ ಯಾರ ಮನೆಗೆ ಹೋಗಬೇಕು ಎಂಬುದನ್ನು ಅವರು ಹೇಳಿಕೊಟ್ಟರು. ಅಕ್ಕ ಮತ್ತೆ ಮದುವೆಮನೆಗಳಿಗೆ ಹೋದಳು, ಮುಂದಿನ ಪಂಕ್ತಿಯಲ್ಲೇ ಕೂತಳು.

ನಿನ್ನೆ ಯಲ್ಲಾಪುರದಿಂದ ತಂಗಿಯ ಗಂಡನ ಫೋನು. "ಭಾವ, ರಿಪೋರ್ಟ್ ಬಂತು. ಅದೇಯ. ಆನು ಇವ್ಳಿಗೆ ಬರೀ ಗಡ್ಡೆ ಹೇಳಿದ್ದಿ. ನೀನೂ ಹಾಂಗೇ ಹೇಳು."

"ಅವಳಿಗೇ ಫೋನು ಕೊಡು" ಎಂದೆ. ಅವನು ಬೇಡವೆಂದ. ನಾನು ಬಿಡಲಿಲ್ಲ.

ತಂಗಿಗೆ ರೋಗದ ಹೆಸರು ಹಿಡಿದೇ ಹೇಳಿದೆ.

"ಹಂಗಾರೆ ನಾಳೆ ಬಾ ಅಣ್ಣ" ಎಂದಳು ತಂಗಿ. "ಕೇಳದು ರಾಶಿ ಇದ್ದು."