ಕುಂಕುಮ ಅಳಿಸದ ಹೊಂಬಾಳಮ್ಮ

ಮರಳೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಹುಡುಗಿಯ ಕೆನ್ನೆಗೆ ಮೊದಲು ಅರಿಶಿನ ಮುಟ್ಟಿಸುತ್ತಿದ್ದವರು ಪಕ್ಕದ ಮನೆಯ ಹೊಂಬಾಳಮ್ಮ. ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ, ಬೀದಿಗೆಲ್ಲ ಕೇಳುವ ಗಂಟಲು. ಅವರು ಬರದೆ ಶಾಸ್ತ್ರ ಶುರುವಾಗುತ್ತಿರಲಿಲ್ಲ. ಬಂದಮೇಲೆ ಬೇರೆಯವರ ಮಾತು ನಡೆಯುತ್ತಿರಲಿಲ್ಲ. ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬಂದರೂ ಕತ್ತರಿ ಎಲ್ಲಿ ಆಡಬೇಕು ಅಂತ ಅವರೇ ಹೇಳುತ್ತಿದ್ದರು.

ಅವರ ಯಜಮಾನರು ಚಿಕ್ಕರಂಗಯ್ಯ ಇದಕ್ಕೆ ತದ್ವಿರುದ್ಧ. ಇಲ್ಲೇ ಹತ್ತಿರದ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಎಪ್ಪತ್ತು ದಾಟಿತ್ತು, ಮಾತು ಬಲು ಕಡಿಮೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಿಳಿ ಅಂಗಿ ಹಾಕಿ, ಕೈಚೀಲ ಹಿಡಿದು, ಮೊಬೈಲನ್ನು ಚಾರ್ಜಿಗೆ ಹಾಕಿದ್ದಲ್ಲೇ ಬಿಟ್ಟು ಹೊರಟರು. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಹೊಂಬಾಳಮ್ಮ ಕೇಳಲಿಲ್ಲ. ಗುಬ್ಬಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಗಂಡನ ತಮ್ಮ ಅಂಜನಮೂರ್ತಿಯ ಮನೆಗೆ ಹೋಗಿರಬೇಕು ಅಂದುಕೊಂಡರು. ಹಿಂದೆಯೂ ಹಾಗೆ ಹೋಗಿ ಎರಡು ದಿನ ಇದ್ದು ಬಂದದ್ದುಂಟು. ಮೂರನೇ ದಿನ ಫೋನ್ ಮಾಡಿದರೆ ತಮ್ಮನ ಮನೆಗೂ ಬಂದಿಲ್ಲ, ಕುಣಿಗಲ್‌ನ ಮಗಳು ಶಿಲ್ಪಾಳ ಮನೆಗೂ ಹೋಗಿಲ್ಲ.

ಸ್ಟೇಷನ್ನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಎಲ್ಲಿಗೆ ಹೊರಟಿದ್ದರು ಅನ್ನುವುದು. ಹೆಂಡತಿಯಾಗಿ ಅಷ್ಟೂ ಕೇಳಲಿಲ್ಲವಾ ಅಂತ ಪೊಲೀಸಪ್ಪ ರೇಗಿದ. ಅವನ ಮನೆಯಲ್ಲಿ ಕೇಳುತ್ತಾರೇನೋ, ನನಗೆ ಗೊತ್ತಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಕ್ಯಾಮೆರಾದಲ್ಲಿ ಚಿಕ್ಕರಂಗಯ್ಯ ಬಾಳೆಹಣ್ಣು ಕೊಂಡು ಜನರ ನಡುವೆ ನಡೆದುಹೋದದ್ದು ಕಂಡಿತು, ಅಷ್ಟೇ. ಆಸ್ಪತ್ರೆ, ಛತ್ರ, ಕೆರೆ, ರೈಲ್ವೆ ಹಳಿ ಎಲ್ಲ ಹುಡುಕಿದ್ದಾಯಿತು. ಇವತ್ತಿಗೂ ಸುಳಿವಿಲ್ಲ.

ವರ್ಷ ತುಂಬಿದಾಗ ಅಂಜನಮೂರ್ತಿ ಬಂದು, ದರ್ಭೆಯಲ್ಲಿ ಬೊಂಬೆ ಮಾಡಿ ಕರ್ಮ ಮುಗಿಸೋಣ ಅತ್ತಿಗೆ, ಅಣ್ಣನ ಜೀವ ಅಲೆಯೋದು ಬೇಡ ಅಂತ ಕಣ್ಣೀರು ಹಾಕಿದರು. ಅವರದೂ ಸಂಕಟವೇ. ಹೊಂಬಾಳಮ್ಮ ಅವರಿಗೆ ಕಾಫಿ ಕೊಟ್ಟು ಎದುರಿಗೆ ಕೂತರು.

"ಹೆಣ ತೋರ್ಸಪ್ಪ, ನಾನೇ ಬಳೆ ಒಡ್ಕೋತೀನಿ. ನೀನು ಅಂದ್ಕಂಡಿದ್ದಕ್ಕೆಲ್ಲಾ ಒಡ್ಕೊಳಾಕಾಗಲ್ಲ."

ಅಂಜನಮೂರ್ತಿ ಕಾಫಿ ಕುಡಿದು ಗುಬ್ಬಿ ಬಸ್ಸು ಹತ್ತಿದರು.

ಈ ವರ್ಷ ಶಿಲ್ಪಾಳ ಮಗಳು ಮಾನಸಾಳಿಗೆ ಮದುವೆ ಗೊತ್ತಾಯಿತು. ಅರಿಶಿನದ ದಿನ ನೀನು ಸುಮ್ಮನೆ ಕೂತಿರಮ್ಮ, ನಮ್ಮತ್ತೆ ಒಪ್ಪಲ್ಲ ಅಂತ ಶಿಲ್ಪಾ ಫೋನಿನಲ್ಲಿ ಅತ್ತಳು. ಹೊಂಬಾಳಮ್ಮ ಮಗಳಿಗೇ ಸಮಾಧಾನ ಹೇಳಿದರು. ಆಮೇಲೆ ಎಂದಿಗಿಂತ ದೊಡ್ಡ ಕುಂಕುಮ ಇಟ್ಟುಕೊಂಡು, ಜೊತೆಗಿರಲಿ ಅಂತ ನನ್ನನ್ನೂ ಎಬ್ಬಿಸಿಕೊಂಡು ಕುಣಿಗಲ್‌ಗೆ ಹೊರಟರು.

ಚಪ್ಪರದಲ್ಲಿ ಶಿಲ್ಪಾಳ ಅತ್ತೆ ಹನುಮಂತಮ್ಮ ಅರಿಶಿನದ ಬಟ್ಟಲಿಗೆ ಕೈ ಅಡ್ಡ ಹಿಡಿದರು. ಮಗುವಿನ ಬಾಳಿನ ವಿಷಯ, ಬೇಜಾರು ಮಾಡಿಕೋಬಾರದು, ಯಜಮಾನರು ಇದ್ದಾರೋ ಇಲ್ಲವೋ ಯಾರಿಗೆ ಗೊತ್ತು ಅಂದರು.

"ನಂಗೂ ಗೊತ್ತಿಲ್ಲ ಬೀಗಿತ್ತಿ, ನಿಮ್ಗೂ ಗೊತ್ತಿಲ್ಲ," ಅಂದರು ಹೊಂಬಾಳಮ್ಮ. "ಇಬ್ರಿಗೂ ಗೊತ್ತಿಲ್ದೆ ಇರೋದ್ಕೆ ನನ್ ಕುಂಕುಮ ಯಾಕೆ ಅಳಿಸ್ತೀರಾ?"

ಹನುಮಂತಮ್ಮನ ಕೈ ಹಿಂದೆ ಸರಿಯಿತು. ಮಾನಸಾ ಅಷ್ಟರಲ್ಲೇ ಅಜ್ಜಿಯ ಕಡೆಗೆ ಕೆನ್ನೆ ಒಡ್ಡಿ ಕೂತಿದ್ದಳು. ಹೊಂಬಾಳಮ್ಮ ಅರಿಶಿನ ಹಚ್ಚಿದರು.

ನಾನು ಹಿಂದಿನ ಸಾಲಿನಲ್ಲಿದ್ದೆ. ನಾನು ಗಂಡ ಸತ್ತವಳು. ಇಂಥ ಕಡೆ ನಮ್ಮಂಥವರ ಜಾಗ ಅದೇ. ನಮ್ಮ ಬೀದಿಯ ಎಷ್ಟೋ ಮದುವೆಗಳಲ್ಲಿ ಇದೇ ಹೊಂಬಾಳಮ್ಮ ನನ್ನೊಬ್ಬಳನ್ನು ಬಿಟ್ಟು ಪಕ್ಕದವಳಿಗೆ ಬಟ್ಟಲು ದಾಟಿಸಿದ್ದಾರೆ. ಸಿಟ್ಟು ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಅವತ್ತು ಅವರು ಬಟ್ಟಲು ಹಿಡಿದುಕೊಂಡು ನೆಟ್ಟಗೆ ನನ್ನ ಮುಂದೆ ಬಂದು ನಿಂತರು.

"ಯಜಮಾನ್ರು ಇದಾರೋ ಇಲ್ವೋ ಗೊತ್ತಿಲ್ದೆ ಇರೋ ನಂಗೇ ಇಷ್ಟು ಉರೀತು ಕೋಮಲಾ. ನಿಂಗೆ ನಾನು ಎಷ್ಟು ಉರಿಸಿದೀನೋ. ಏಳು."

ನನ್ನ ಮೊಣಕೈ ಹಿಡಿದುಕೊಂಡೇ ಕರೆದೊಯ್ದರು. ಹನುಮಂತಮ್ಮ ಮುಖ ತಿರುಗಿಸಿಕೊಂಡರು. ತಿರುಗಿಸಿಕೊಳ್ಳಲಿ. ನಾನು ಮಾನಸಾಳ ಎರಡೂ ಕೆನ್ನೆಗೆ ತುಂಬ ಅರಿಶಿನ ಹಚ್ಚಿದೆ.